ಬರಿದಾಗಿ ಬಾರದ ಮರಿಗೆ

ನಿಂಬೆಹಣ್ಣು ಕೊಯ್ದ ಈಳಿಗೆಯನ್ನು ಒರೆಸದೆ ಬಿಟ್ಟರೆ ಮರುದಿನ ಬೆಳಿಗ್ಗೆ ಅದರ ಬಾಯಿ ಕಪ್ಪಾಗಿರುತ್ತದೆ. ಆ ಕಪ್ಪು ಅಂದು ಮೊದಲು ಹೆಚ್ಚಿದ ತರಕಾರಿಗೆ ಹತ್ತುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆ ಸವರಿ, ಬಾಯನ್ನು ಗೋಡೆಯ ಕಡೆ ಮಾಡಿ ಇಡಬೇಕು. ನನ್ನ ಇಡೀ ನೌಕರಿಯನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆ ಎಂದರೆ ಇಂಥವೇ ಏಳೆಂಟು ಸಾಲು ಬರೆದೇನು. ಈಗ ಹಾಸ್ಟೆಲುಗಳಿಗೂ ಆಸ್ಪತ್ರೆಗಳಿಗೂ ಅಡಿಗೆಮನೆಯ ಉಸ್ತುವಾರಿಗಳಾಗಿ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದೂ ಅದನ್ನೇ. ಆದರೆ ಅಂಥ ಒಂದೊಂದು ಸಾಲಿನ ಹಿಂದೆಯೂ ಯಾರೋ ಒಬ್ಬರು ಹೊಟ್ಟೆ ಹಿಡಿದುಕೊಂಡು ಮಲಗಿದ್ದಾರೆ. ಅವರನ್ನು ಬಿಟ್ಟು ಬರೀ ಸಾಲು ಹೇಳಿದರೆ ನೀವು ಒಂದು ವಾರದಲ್ಲಿ ಮರೆಯುತ್ತೀರಿ.

ನಾನು ದಿನಚರಿ ಬರೆಯುವವನು. ಆದರೂ ನನ್ನ ನೆನಪನ್ನು ಪೂರ್ತಿ ನಂಬುವುದಿಲ್ಲ. ಹಲವು ಸಲ ಹೇಳಿದ ಕಥೆ, ನಡೆದದ್ದನ್ನು ಪಕ್ಕಕ್ಕೆ ಸರಿಸಿ ಅದರ ಜಾಗದಲ್ಲಿ ತಾನು ಕೂತುಬಿಡುತ್ತದೆ. ಕೆಲವು ಕೆಟ್ಟ ವಾರಗಳಲ್ಲಂತೂ ನಾನು ದಿನಚರಿಯನ್ನೇ ಬರೆದಿಲ್ಲ. ಹಾಗಾಗಿ ಎಲ್ಲಿ ಸಂಶಯವಿದೆಯೋ ಅಲ್ಲಿ ಸಂಶಯವಿದೆ ಎಂದೇ ಹೇಳುತ್ತೇನೆ.

ನಿಜಾಮರ ಆಡಳಿತದ ಕೊನೆಯ ವರ್ಷಗಳು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದ ನನ್ನನ್ನು ಲಿಂಗಸುಗೂರಿನ ದವಾಖಾನೆಗೆ ಲೆಕ್ಕಪತ್ರ ಬರೆಯುವ ಮುನ್ಷಿಯಾಗಿ ಹಾಕಿದರು. ಅಲ್ಲಿನ ಡಾಕ್ಟರ್ ಸಾಹೇಬರು ಹೈದರಾಬಾದಿನವರು, ಮಾತು ಕಡಿಮೆ, ಆಡಿದ್ದೂ ಉರ್ದುವಿನಲ್ಲಿ. ನನ್ನ ಕಾಗದ ನೋಡಿ, “ತರ್ಕಶಾಸ್ತ್ರ ಓದಿದ್ದೀರಿ. ಒಳ್ಳೆಯದು. ರೋಗಿಗಳ ಬೇಳೆಯಲ್ಲಿ ಕಲ್ಲು ಯಾಕೆ ಬರುತ್ತದೆ, ತರ್ಕಿಸಿ ಹೇಳಿ” ಎಂದರು. ಅಂದಿನಿಂದ ಅಡಿಗೆಮನೆ ನನ್ನ ಪಾಲಿಗೆ ಬಂತು.

ಆ ಅಡಿಗೆಮನೆಯಲ್ಲಿ ಎರಡು ಒಲೆಗಳು. ಒಂದರ ಮುಂದೆ ದ್ಯಾಮವ್ವ. ಮಸ್ಕಿಯ ಕಡೆಯ ಹೆಂಗಸು, ಗಂಡ ತೀರಿದ ಮೇಲೆ ದವಾಖಾನೆಗೆ ಬಂದವಳು, ರೊಟ್ಟಿ ಪಲ್ಯ ಅವಳದು. ಇನ್ನೊಂದರ ಮುಂದೆ ಖಾಸಿಂ ಸಾಬ್. ಅನ್ನ, ಹಾಲು, ಗಂಜಿ, ಮುಸಲ್ಮಾನ ರೋಗಿಗಳ ಅಡಿಗೆ ಅವನದು. ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ, ಒಬ್ಬರ ಮಾತನ್ನು ಇನ್ನೊಬ್ಬರು ನೆಲಕ್ಕೆ ಬೀಳಗೊಡುತ್ತಲೂ ಇರಲಿಲ್ಲ. ಅವಳು ಅವನಿಗೆ ತಮ್ಮ ಎನ್ನುವಳು, ಅವನು ಅವಳಿಗೆ ಅಕ್ಕ.

ನಾನು ಕಂಡ ಮೊದಲ ಅನಾಹುತ ಬೀಸುಕಲ್ಲಿನದು. ಸವೆದ ಕಲ್ಲಿಗೆ ಉಳಿಯಿಂದ ಮುಳ್ಳು ಹಾಕಿಸಿದ ದಿನವೇ ಅದರಲ್ಲಿ ಜೋಳ ಬೀಸಬಾರದು. ಮೊದಲು ತೌಡನ್ನು ಬೀಸಿ ಚೆಲ್ಲಬೇಕು, ಆಮೇಲೆ ಒಂದಿಷ್ಟು ಜೋಳ ಬೀಸಿ ಅದನ್ನೂ ಚೆಲ್ಲಬೇಕು. ಬೀಸಲು ಬರುತ್ತಿದ್ದ ಹೆಂಗಸು ಅವಸರದಲ್ಲಿ ಇದನ್ನು ಬಿಟ್ಟಳು. ಅಂದಿನ ರೊಟ್ಟಿಯಲ್ಲಿ ಕಲ್ಲಿನ ಪುಡಿ.

“ಅಕ್ಕಾ, ಇವತ್ತಿನ ರೊಟ್ಟಿ ತಿಂದ್ರ ಹಲ್ಲಿಗೆ ಸಾಣಿ ಹಿಡದಂಗ ಆಗ್ತದ ನೋಡು” ಎಂದ ಖಾಸಿಂ.

“ನಿನ್ನ ಬಾಯಾಗ ಹಲ್ಲು ಎಲ್ಲಿ ಅದಾವೋ ತಮ್ಮಾ? ಬರೇ ಮಾತು ಅದಾವು” ಎಂದಳು ದ್ಯಾಮವ್ವ. ಅವಳು ನಗುತ್ತಲೇ ಅಂದಿದ್ದರೂ, ಹಿಟ್ಟನ್ನು ಬೆರಳ ಸಂದಿನಲ್ಲಿ ಉಜ್ಜಿ ನೋಡಿ ಪೂರ್ತಿ ಹಿಟ್ಟನ್ನು ದನದ ಕಲಗಚ್ಚಿಗೆ ಸುರಿಸಿದಳು. ಇಡೀ ದವಾಖಾನೆ ಆ ಹೊತ್ತು ಗಂಜಿ ಕುಡಿಯಿತು. ಹಿಟ್ಟು ಯಾರು ಬೀಸಿದ್ದರೂ ನಾದುವ ಮೊದಲು ಬೆರಳಲ್ಲಿ ಉಜ್ಜಿ ನೋಡಿ ಎಂದು ನಾನು ಹೇಳುವುದು ಅಂದಿನಿಂದ. ಕಲ್ಲು ಬೆರಳಿಗೆ ಸಿಗುತ್ತದೆ. ಬೆರಳಿಗೆ ಸಿಗದಂಥದೂ ಇದೆ ಎಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯದು ಸಿಂಧನೂರಿನಲ್ಲಿ. ಸರ್ಕಾರಿ ಬಂಗಲೆಯಲ್ಲಿ ಇಳಿದಿದ್ದ ಅಧಿಕಾರಿಗಳೆಲ್ಲ ಊಟವಾದ ಮೇಲೆ ವಾಂತಿ ಮಾಡಿಕೊಂಡರು. ಕಾರಣ ಹುಡುಕಲು ಡಾಕ್ಟರ್ ಸಾಹೇಬರು ನನ್ನನ್ನೂ ಕರೆದುಕೊಂಡು ಹೋದರು. ನಾವು ಮುಟ್ಟುವ ಹೊತ್ತಿಗೆ ಬಂಗಲೆಯ ಅಡಿಗೆಯವನನ್ನು ಹುಣಸೆಮರದ ಕೆಳಗೆ ಕೂರಿಸಿದ್ದರು, ಅವನ ತುಟಿ ಒಡೆದಿತ್ತು. ತಪ್ಪು ಎಲ್ಲಿದೆಯೆಂದು ತಾಮ್ರದ ಪಾತ್ರೆ ನೋಡಿದ ಕೂಡಲೇ ತಿಳಿಯಿತು. ಒಳಗಿನ ತವರದ ಕಲಾಯಿ ಪೂರ್ತಿ ಹೋಗಿ ಕೆಂಪು ತಾಮ್ರ ಕಾಣುತ್ತಿತ್ತು, ಅದರಲ್ಲಿ ಹುಣಸೆಯ ಸಾರು ಮಧ್ಯಾಹ್ನದಿಂದ ಕೂತಿತ್ತು.

“ಕಲಾಯಿ ಹೋಗ್ಯದ, ಮಾಡವನ್ನ ಕರಸ್ರಿ ಅಂತ ಎರಡು ಸಲ ಹೇಳೀನ್ರಿ” ಎಂದ ಅಡಿಗೆಯವನು. “ಒಲಿ ಮುಂದಿನವನ ಮಾತು ಯಾರ ಕೇಳ್ತಾರ್ರಿ?”

ಕಲಾಯಿ ಮಾಸಿದ ಪಾತ್ರೆಯಲ್ಲಿ ಹುಳಿಯನ್ನು ಒಂದು ಗಳಿಗೆಯೂ ಇಡಬೇಡಿ. ಪಾತ್ರೆಯ ಒಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿ. ಇದು ಪಾಠ. ಆದರೆ ನನ್ನೊಳಗೆ ಉಳಿದದ್ದು ಅವನ ಒಡೆದ ತುಟಿ. ಉಂಡವರಿಗೆ ಏನಾದರೂ ಆದರೆ ಮೊದಲು ಹಿಡಿಯುವುದು ಒಲೆಯ ಮುಂದೆ ಕೂತವರನ್ನು. ಕಾರಣ ಆಮೇಲೆ.

ಈಗ ದ್ಯಾಮವ್ವನ ಮರಿಗೆಯ ವಿಷಯ.

ಹಿಟ್ಟು ನಾದುವ ಕಟ್ಟಿಗೆಯ ಮರಿಗೆ ಅದು. ಒಂದೇ ತುಂಡಿನಲ್ಲಿ ಕೆತ್ತಿದ್ದು, ತವರಿನಿಂದ ಬಂದದ್ದು. ದವಾಖಾನೆಯ ಪಾತ್ರೆಗಳಲ್ಲಿ ಅದೊಂದು ಮಾತ್ರ ಅವಳ ಸ್ವಂತದ್ದು. ಅದನ್ನು ಅವಳು ನೀರು ಹಾಕಿ ತೊಳೆಯುತ್ತಿರಲಿಲ್ಲ. ನಾದಿದ ಮೇಲೆ ಅಂಟಿದ ಹಿಟ್ಟನ್ನು ಒಣ ಹಿಟ್ಟು ಹಾಕಿ ತಿಕ್ಕಿ ತೆಗೆದು, ಬಟ್ಟೆಯಿಂದ ಒರೆಸಿ, ಗಾಳಿಗೆ ಒರಗಿಸಿ ಇಡುವಳು. ನೀರಿನಲ್ಲಿ ನೆನೆದ ಕಟ್ಟಿಗೆ ನಮ್ಮ ಬಿಸಿಲಿಗೆ ಸೀಳುತ್ತದೆ, ಸೀಳಿನಲ್ಲಿ ಹಿಟ್ಟು ಹುಳಿಯುತ್ತದೆ. ಅವಳ ಪದ್ಧತಿ ಸರಿಯಾಗಿಯೇ ಇತ್ತು. ಹೀಗಾಗಿ ಆ ಮರಿಗೆ ಯಾವಾಗ ನೋಡಿದರೂ ಒಂದು ತೆಳು ಬಿಳಿಯ ಬಣ್ಣದಲ್ಲಿರುತ್ತಿತ್ತು.

ಆ ವರ್ಷ ಲಿಂಗಸುಗೂರಿನಲ್ಲಿ ಇಲಿ ಬಿದ್ದವು. ಪ್ಲೇಗು. ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿ ಕೊಲ್ಲಲು ಸರ್ಕಾರದಿಂದ ಬಿಳಿಯ ಪುಡಿ ಬಂತು. ಬಣ್ಣ ಹಿಟ್ಟಿನದೇ, ವಾಸನೆಯಿಲ್ಲ, ರುಚಿಯಿಲ್ಲ. ಅದನ್ನು ಜೋಳದ ಹಿಟ್ಟಿನಲ್ಲಿ ಕಲಸಿ ಉಂಡೆ ಮಾಡಿ ಬಿಲಗಳ ಬಾಯಿಗೆ ಇಡುವ ಕೆಲಸ ಊರ ಸಫಾಯಿ ಕೂಲಿಗಳ ಜಮಾದಾರ ನರಸಪ್ಪನದು. ನರಸಪ್ಪ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವನಿಗೆ ಕಲಸಲು ಪಾತ್ರೆ ಸಿಗುತ್ತಿರಲಿಲ್ಲ. ಗಣಪನ ವಾಹನವನ್ನು ಕೊಲ್ಲುವ ಹಿಟ್ಟಿಗೆ ಮನೆಯ ಪಾತ್ರೆ ಕೊಡುವವರು ಯಾರು? ಹಾಗಾಗಿ ಅವನು ಯಾತಕ್ಕೆಂದು ಹೇಳುವುದನ್ನೇ ಬಿಟ್ಟಿದ್ದ.

ಅವನು ದ್ಯಾಮವ್ವನ ಹತ್ತಿರ ಬಂದಾಗ ನಾನು ಬಾಗಿಲಲ್ಲಿ ಉಳ್ಳಾಗಡ್ಡಿ ತೂಗಿಸುತ್ತಿದ್ದೆ. ಮುಂದೆ ವಿಚಾರಣೆಯಲ್ಲಿ ಇದೇ ಮಾತುಗಳು ಮತ್ತೆ ಮತ್ತೆ ಬಂದದ್ದರಿಂದ ಇವು ನನಗೆ ಚೆನ್ನಾಗಿ ನೆನಪಿವೆ.

“ಅಕ್ಕಾರ, ಒಂದು ದಿನಕ್ಕ ಮರಿಗಿ ಬೇಕಾಗಿತ್ರಿ. ಹಿಟ್ಟು ಕಲಸಾಕ.”

“ಯಾರಿಗಪಾ ಹಿಟ್ಟು? ನಿನ್ನ ಮಂದಿ ಖಾನಾವಳ್ಯಾಗ ಉಣ್ತಾರಲ್ಲ.”

“ಊರ ಹೊರಗಿನವ್ರಿಗಿ ರೀ. ಸರ್ಕಾರಿ ಕೆಲಸ.”

“ಒಯ್ಯಿ. ನೀರು ಹಾಕಿ ತೊಳದಿ ಅಂದ್ರ ನೋಡು, ಸೀಳ್ತದ. ಒಣ ಹಿಟ್ಟಿನಾಗ ತಿಕ್ಕಿ ತಾ. ಮತ್ತ ಬರಿದು ತರಬ್ಯಾಡ, ನಮ್ಮವ್ವ ಕೊಟ್ಟದ್ದದು.”

“ಹೋಳಿಗಿ ತುಂಬಿಸಿ ತರ್ತೀನಿ ಬಿಡ್ರಿ.”

“ನಿನ್ನ ಹೋಳಿಗಿ ನಿನ್ನ ಹೆಂಡ್ತಿಗಿ ಕೊಡು. ನನಗ ಒಂದು ಬೊಗಸಿ ಹಿಟ್ಟು ಸಾಕು.”

ನಮ್ಮ ಕಡೆ ಎರವಲು ಒಯ್ದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಒಂದು ಹಿಡಿ ಜೋಳ, ಒಂದು ಬೆಲ್ಲದ ಚೂರು, ಏನಾದರೂ ಇಟ್ಟು ಕೊಡುತ್ತಾರೆ. ನರಸಪ್ಪ ಸೋಮವಾರ ಮಧ್ಯಾಹ್ನ ಮರಿಗೆಯನ್ನು ತಂದುಕೊಟ್ಟ. ಅವಳು ಹೇಳಿದ ಹಾಗೆ ನೀರು ಮುಟ್ಟಿಸದೆ ಒರೆಸಿದ್ದ. ಅವಳು ಹೇಳಿದ ಹಾಗೆ ಎರಡು ಬೊಗಸೆ ಹಿಟ್ಟು ಹಾಕಿ ತಂದಿದ್ದ. ಗೋದಾಮಿನಲ್ಲಿ ಅವನ ಎರಡು ಚೀಲಗಳಿದ್ದವು. ಒಂದರಲ್ಲಿ ಬರೀ ಹಿಟ್ಟು, ಇನ್ನೊಂದರಲ್ಲಿ ಪುಡಿ ಬೆರೆಸಿದ ಹಿಟ್ಟು. ಅವನ ಕೈ ಯಾವ ಚೀಲಕ್ಕೆ ಹೋಯಿತೆಂದು ಅವನಿಗೇ ಗೊತ್ತಾಗಲಿಲ್ಲ.

ಸಂಜೆ ದ್ಯಾಮವ್ವ ಆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ನುಣ್ಣಗಿತ್ತು. “ನರಸಪ್ಪ ಚಲೋ ಹಿಟ್ಟು ಕೊಟ್ಟಾನ” ಎಂದು ಮೆಚ್ಚಿ, ಅದರ ಮೇಲೇ ನಮ್ಮ ಹಿಟ್ಟು ಸುರಿದು, ಕುದಿಯುವ ನೀರು ಹಾಕಿ ನಾದಿದಳು. ಮೊದಲ ಸಲ ನಾದಿದ ರೊಟ್ಟಿ ಹೋದದ್ದು ಬಾಗಿಲ ಕಡೆಯ ಸಾಲಿನ ಏಳೆಂಟು ರೋಗಿಗಳಿಗೆ. ಅದರಲ್ಲೇ ಒಂದೆರಡು ಮಿಕ್ಕಿ ಬುಟ್ಟಿಯ ತಳದಲ್ಲಿ ಉಳಿದವು. ಎರಡನೇ ಸಲ ನಾದಿದ್ದರಲ್ಲಿ ಪುಡಿ ಇರಲಿಲ್ಲ, ಉಳಿದವರೆಲ್ಲ ಅದನ್ನು ಉಂಡರು.

ಬೆಳಿಗ್ಗೆ ನಾನು ಬಂದಾಗ ಬಾಗಿಲ ಕಡೆಯ ಸಾಲು ಪೂರ್ತಿ ವಾಂತಿ ಭೇದಿಯಲ್ಲಿತ್ತು. ಮುಕ್ಕುಂದದ ಹತ್ತಿರ ಹೊಳೆಯಲ್ಲಿ ದೋಣಿ ಹಾಕುತ್ತಿದ್ದ ಮುದುಕನೊಬ್ಬ ಸತ್ತಿದ್ದ. ಸ್ವಲ್ಪ ಹೊತ್ತಿಗೆ ಹಡೆದು ಹದಿನೈದು ದಿನವೂ ಆಗದ ಒಬ್ಬ ಬಾಣಂತಿ ಸತ್ತಳು. ಡಾಕ್ಟರ್ ಸಾಹೇಬರು ಕಾಲರಾ ಎಂದರು. ಹೊಲದ ಗುಡಿಸಲುಗಳ ನೀರು ಕೆಟ್ಟಿತ್ತು, ಕಾಲರಾ ಬಂದರೆ ಆಶ್ಚರ್ಯವಿರಲಿಲ್ಲ. ಆದರೆ ಬಾಣಂತಿಯ ಗಂಡ ಕೇಳಲಿಲ್ಲ. ಒಂದೇ ಅಡಿಗೆಮನೆ, ಒಂದೇ ನೀರು, ಒಂದು ಸಾಲು ಸಾಯುತ್ತದೆ, ಇನ್ನೊಂದು ಸಾಲು ಎದ್ದು ಕೂತಿದೆ. ಇದು ಕಾಲರಾ ಅಲ್ಲ, ಬೇಕೆಂದು ಹಾಕಿದ್ದು ಎಂದು ಅವನು ಕೂಗಿದ. ಆಗ ಯಾರೋ ಇನ್ನೊಂದು ಮಾತು ಸೇರಿಸಿದರು. ನಿನ್ನೆ ಸಂಜೆ ದ್ಯಾಮವ್ವ ತಾನು ಮಾಡಿದ ರೊಟ್ಟಿಯನ್ನು ತಾನು ಉಂಡಿಲ್ಲ.

ಅದು ನಿಜ. ನಿನ್ನೆ ಸೋಮವಾರ. ಅವಳು ಪ್ರತಿ ಸೋಮವಾರ ಒಪ್ಪತ್ತು ಇರುತ್ತಿದ್ದಳು. ಇಡೀ ದವಾಖಾನೆಗೆ ಗೊತ್ತಿದ್ದ ವಿಷಯ ಆ ಹೊತ್ತಿಗೆ ಯಾರಿಗೂ ಗೊತ್ತಿಲ್ಲದ ಹಾಗಾಯಿತು. ಪೊಲೀಸ್ ಅಮೀನರು ಬಂದರು.

“ಉಪವಾಸ ಅಂತೀ. ಸರಿಯಾಗಿ ನಿನ್ನೇನ ಉಪವಾಸ ಬಂತೇನು?” ಎಂದರು ಅಮೀನರು.

“ಸೋಮವಾರ ನಾ ತಂದದ್ದೇನ್ರಿ? ವಾರಕ್ಕೊಮ್ಮಿ ತಾನ ಬರ್ತದ” ಎಂದಳು ದ್ಯಾಮವ್ವ. ಅವಳ ದನಿಯಲ್ಲಿ ಆಗ ಇನ್ನೂ ಗತ್ತು ಇತ್ತು.

“ಅಮೀನ್ ಸಾಹೇಬ್ರ, ಆಕಿ ಇಲಿಗೂ ಕೈ ಎತ್ತಾಕಿ ಅಲ್ರಿ” ಎಂದು ಖಾಸಿಂ ನಡುವೆ ಬಂದ. ಅವನನ್ನು ಹಿಂದಕ್ಕೆ ತಳ್ಳಿದರು.

ಇನ್ನು ಮುಂದಿನ ಗಳಿಗೆಯ ಬಗ್ಗೆ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ದ್ಯಾಮವ್ವ ಬುಟ್ಟಿಯ ತಳದಿಂದ ನಿನ್ನೆಯ ರೊಟ್ಟಿ ತೆಗೆದು, ಎಲ್ಲರ ಮುಂದೆ ಎತ್ತಿ ಹಿಡಿದು, “ನನ್ನ ಕೈಯಾಗ ವಿಷ ಇದ್ರ ಮೊದಲ ನನಗ ಹತ್ತಲಿ” ಎಂದು ಹೇಳಿ ತಿನ್ನುತ್ತಾಳೆ. ಇದನ್ನು ನಾನು ಎಷ್ಟೋ ವರ್ಷ ಹೀಗೇ ಹೇಳಿಕೊಂಡು ಬಂದೆ. ಆದರೆ ಮುದುಕನಾದ ಖಾಸಿಂ ಒಮ್ಮೆ ನನ್ನ ಮನೆಗೆ ಬಂದಾಗ ತಲೆ ಅಲ್ಲಾಡಿಸಿದ. “ಆಕಿ ಏನೂ ಅನ್ನಲಿಲ್ರಿ ಮುನ್ಷಿಯವ್ರ. ಸುಮ್ನ ಕುಂತು, ರೊಟ್ಟಿ ಮುರದು, ನೀರಾಗ ಅದ್ದಿ ತಿಂದ್ಳು. ಹಸದಾಕಿ ತಿಂದಂಗ.” ಅವನು ಹೇಳಿದ್ದೇ ನಿಜವಿರಬೇಕು. ಹಿಂದಿನ ದಿನ ಮಧ್ಯಾಹ್ನದಿಂದ ಅವಳು ಏನೂ ಉಂಡಿರಲಿಲ್ಲ. ಎತ್ತಿ ಆಡಿದ ಆ ಮಾತನ್ನು ನಾನೇ ಅವಳ ಬಾಯಲ್ಲಿ ಇಟ್ಟಿರಬಹುದು. ಅವಳು ರೊಟ್ಟಿ ತಿಂದದ್ದು ಮಾತ್ರ ಸುಳ್ಳಲ್ಲ.

ನಡುಹೊತ್ತಿಗೆ ಅವಳ ತುಟಿ ಜುಮ್ಮೆನ್ನತೊಡಗಿತು. ಆಮೇಲೆ ವಾಂತಿ. ಅಮೀನರು ಡಾಕ್ಟರ್ ಸಾಹೇಬರನ್ನು ಕರೆಸಿದರು. ಅವರು ಅವಳ ಎರಡೂ ಕೈಗಳನ್ನು ಎತ್ತಿ ಬಿಟ್ಟರು. ಕೈಗಳು ಒದ್ದೆ ಬಟ್ಟೆಯ ಹಾಗೆ ಕೆಳಗೆ ಬಿದ್ದವು. ಎತ್ತು ಎಂದರೆ ಅವಳಿಗೆ ಎತ್ತಲಾಗಲಿಲ್ಲ. ಸಾವಿರಗಟ್ಟಲೆ ರೊಟ್ಟಿ ತಟ್ಟಿದ ಕೈಗಳು. ಅವಳು ಅವುಗಳನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಿದ್ದಳು.

“ಕಾಲರಾ ಕೈಯನ್ನು ಹೀಗೆ ಮಾಡುವುದಿಲ್ಲ” ಎಂದರು ಡಾಕ್ಟರ್ ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿ, “ಇಲಿಯ ಪುಡಿ ಎಲ್ಲಿ ಇಟ್ಟಿದ್ದಾರೆ?” ಎಂದರು.

ನರಸಪ್ಪನನ್ನು ಕರೆದು ತಂದರು. ಮರಿಗೆ ಒಯ್ದದ್ದು ಯಾತಕ್ಕೆ ಎಂದು ಕೇಳಿದರು. “ಇಲಿ ಉಂಡಿ ಕಲಸಾಕ್ರಿ. ಬರಿದು ತರಬ್ಯಾಡ ಅಂದಿದ್ರಲ್ರಿ ಅಕ್ಕಾರು. ಎರಡು ಬೊಗಸಿ ಹಾಕೀನ್ರಿ. ಚಲೋ ಚೀಲದ್ದಂತ ಹಾಕೀನ್ರಿ” ಎಂದ.

ಹೊಟ್ಟೆ ತೊಳೆಯಲು ಜುಲಾಬಾಗಿ ಕೊಡುವ ಉಪ್ಪು ಆ ವಿಷಕ್ಕೆ ಮದ್ದಂತೆ. ನಮ್ಮ ಔಷಧದ ಕಪಾಟಿನಲ್ಲಿ ಅದು ಡಬ್ಬಿಗಟ್ಟಲೆ ಇತ್ತು. ಉಳಿದವರಿಗೆ ಅದನ್ನು ಕುಡಿಸಿದರು, ಅವರು ಬದುಕಿದರು. ಬೆಳಿಗ್ಗೆಯೇ ತಿಳಿದಿದ್ದರೆ ಬಾಣಂತಿಯೂ ಬದುಕುತ್ತಿದ್ದಳೋ ಏನೋ. ಮೊದಲೇ ಹಾಸಿಗೆ ಹಿಡಿದಿದ್ದ ರೋಗಿಗಳ ಕೈಯನ್ನು ಯಾರೂ ಎತ್ತಿ ನೋಡಿರಲಿಲ್ಲ. ದ್ಯಾಮವ್ವ ಆ ರೊಟ್ಟಿ ತಿನ್ನದೆ ಇದ್ದಿದ್ದರೆ ಅದು ಯಾರಿಗೂ ಎಂದೂ ತಿಳಿಯುತ್ತಿರಲಿಲ್ಲ.

ಅವಳ ಕೈಗೆ ಬಲ ಮರಳಲು ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಡಾಕ್ಟರ್ ಸಾಹೇಬರು ಮೇಲಿನವರಿಗೆ ವರದಿ ಕಳಿಸಿದರು. ಅದರಲ್ಲಿ ಕಾಲರಾ ಎಂದು ಬರೆದಿದ್ದರು. ನಾನು ಯಾಕೆಂದು ಕೇಳಿದೆ.

“ನಿಜ ಬರೆದರೆ ನಾಳೆಯಿಂದ ಯಾವ ಊರೂ ಇಲಿಯ ಉಂಡೆ ಇಡಲು ಬಿಡುವುದಿಲ್ಲ. ಇಬ್ಬರು ಸತ್ತಿದ್ದಾರೆ. ಪ್ಲೇಗು ಇನ್ನೂ ಎಷ್ಟು ಜನರನ್ನು ಒಯ್ಯುತ್ತದೆ, ಹೇಳಿ. ನೀವು ತರ್ಕ ಓದಿದವರು” ಎಂದರು.

ಅವರ ತರ್ಕದಲ್ಲಿ ತಪ್ಪು ಹುಡುಕಲು ನಾನು ಇಂದಿಗೂ ಯತ್ನಿಸುತ್ತಿದ್ದೇನೆ. ಒಂದೊಂದು ದಿನ ಸಿಕ್ಕಿತು ಎನಿಸುತ್ತದೆ, ಮರುದಿನ ಅದು ನಿಲ್ಲುವುದಿಲ್ಲ. ಆದರೆ ಆ ವರದಿಗೆ ಬೆಲೆ ತೆತ್ತವಳು ಒಬ್ಬಳೇ. ಪೊಲೀಸರು ಅವಳನ್ನು ಬಿಟ್ಟರು, ನರಸಪ್ಪನ ನೌಕರಿ ಉಳಿಯಿತು. ಕಾಲರಾ ಅಡಿಗೆಮನೆಯಿಂದ ಹಬ್ಬಿತು ಎಂದು ಕಾಗದದಲ್ಲಿ ಬಂದ ಮೇಲೆ ಅಡಿಗೆಯವಳನ್ನು ಬದಲಿಸು ಎಂಬ ಹುಕುಂ ಬಂತು. ಊರಿನಲ್ಲಿ ಕಾಲರಾ ಎಂಬುದನ್ನು ಯಾರೂ ನಂಬಲಿಲ್ಲ. ದ್ಯಾಮವ್ವನ ಕೈ ಎಂದರು. ಎಷ್ಟೋ ವರ್ಷ ಆ ಕೈ ತಟ್ಟಿದ ರೊಟ್ಟಿ ಉಂಡವರೇ ಹಾಗೆಂದರು.

ಮರಿಗೆಯನ್ನು ಸುಡಲು ಹೇಳಿದ್ದರು. ಖಾಸಿಂ ಅದನ್ನು ಕೊಡಲಿಯಿಂದ ಸೀಳಿ ಹಿತ್ತಲಲ್ಲಿ ಬೆಂಕಿಗೆ ಹಾಕಿದ. ದ್ಯಾಮವ್ವ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು. ಒಣ ಕಟ್ಟಿಗೆ, ಬೇಗ ಹತ್ತಿತು.

“ನರಸಪ್ಪಂದೇನು ತಪ್ಪದ್ರಿ” ಎಂದಳು, ಯಾರೂ ಕೇಳದಿದ್ದರೂ. “ನಾ ಹೇಳಿದಂಗ ಮಾಡ್ಯಾನ. ನೀರು ಹಾಕಬ್ಯಾಡ ಅಂದೆ, ಹಾಕಲಿಲ್ಲ. ಬರಿದು ತರಬ್ಯಾಡ ಅಂದೆ, ತರಲಿಲ್ಲ.”

ಬೆಂಕಿ ಆರಿದ ಮೇಲೆ ಖಾಸಿಂ ಎಂದಿನ ಅಭ್ಯಾಸದಂತೆ ಬೂದಿಯನ್ನು ಪಾತ್ರೆ ತಿಕ್ಕುವ ಬೂದಿಯ ಗಡಿಗೆಯ ಕಡೆ ಬಳಿದ. ದ್ಯಾಮವ್ವ ಕುಂತಲ್ಲಿಂದಲೇ ಚೀರಿದಳು. “ಬ್ಯಾಡೋ ತಮ್ಮಾ! ಅದರಾಗ ಕೂಡಿಸಬ್ಯಾಡ. ಹುಗಿ ಅದನ್ನ.” ಆ ವಿಷ ಬೆಂಕಿಯಲ್ಲಿ ಸಾಯುವುದಿಲ್ಲ ಎಂದು ಡಾಕ್ಟರ್ ಸಾಹೇಬರು ನನಗೆ ಹೇಳಿದ್ದು ಆಮೇಲೆ. ಅವಳು ಅದನ್ನು ತಿಳಿದು ಹೇಳಿದ್ದಲ್ಲ, ಹೆದರಿ ಹೇಳಿದ್ದು. ಬಾವಿಯಿಂದ ದೂರ, ಆಳದ ಗುಂಡಿ ತೋಡಿ ಹುಗಿದೆವು.

ನೀವು ಬರೆದುಕೊಳ್ಳಬೇಕಾದ ಸಾಲು ಇಷ್ಟೇ. ಅಡಿಗೆಮನೆಯಿಂದ ಬೇರೆ ಕೆಲಸಕ್ಕೆ ಹೋದ ಪಾತ್ರೆ ಮತ್ತೆ ಒಲೆಯ ಹತ್ತಿರ ಬರಬಾರದು. ಯಾರು ಕೇಳಿದರೂ ಯಾತಕ್ಕೆಂದು ತಿಳಿಯದೆ ಕೊಡಬಾರದು. ಪಾತ್ರೆಯಲ್ಲಿ ಬಂದದ್ದು ಎಷ್ಟೇ ಪ್ರೀತಿಯಿಂದ ಬಂದಿರಲಿ, ಚೆಲ್ಲಬೇಕು. ಈ ಕೊನೆಯದನ್ನು ಹೇಳುವಾಗ ನನ್ನ ನಾಲಿಗೆ ಈಗಲೂ ತಡೆಯುತ್ತದೆ.

ಹೊರಡುವ ದಿನ ದ್ಯಾಮವ್ವ ಮಸ್ಕಿಗೆ ಹೋಗುವ ಬಂಡಿ ಹತ್ತುವ ಮೊದಲು ಅಡಿಗೆಮನೆಗೆ ಬಂದಳು. ಕಾಯಿಲೆಯಲ್ಲಿ ಅವಳಿಗೆ ನೀರು ಕುಡಿಯಲು ಕೊಟ್ಟಿದ್ದ ದವಾಖಾನೆಯ ಹಿತ್ತಾಳೆಯ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ್ದಳು. ಒಳಗೆ ಒಂದು ಹಿಡಿ ಬಿಳಿಜೋಳ ಇತ್ತು. ಬರಿದಾಗಿ ಕೊಡುವುದು ಅವಳಿಗೆ ಆಗಲಿಲ್ಲ. ಹೊಸ ಅಡಿಗೆಯವಳು ಕೈ ಚಾಚದೆ ಹಿಂದೆ ಸರಿದಳು. ದ್ಯಾಮವ್ವ ತಂಬಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೋದಳು.

ಆ ಜೋಳವನ್ನು ಖಾಸಿಂ ತೆಗೆದುಕೊಂಡ ಎಂದು ಬರೆಯಲು ನನಗೆ ಮನಸ್ಸಿದೆ. ನಾನು ತೆಗೆದುಕೊಂಡೆ ಎಂದು ಬರೆಯಲು ಇನ್ನೂ ಹೆಚ್ಚು ಮನಸ್ಸಿದೆ. ಆದರೆ ನನಗೆ ಕಾಣುವುದು ಕಿಟಕಿಯ ಮೇಲೆ ಬಿಸಿಲಿಗೆ ಹೊಳೆಯುತ್ತಿದ್ದ ತಂಬಿಗೆ ಮಾತ್ರ. ಅದು ಅಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ. ಆಮೇಲೆ ಗಾಳಿಗೋ ಯಾರದೋ ಕೈ ತಾಗಿಯೋ ಅದು ಉರುಳಿ ಜೋಳ ಕಟ್ಟೆಯ ಮೇಲೆ ಹರಡಿತು. ಗುಬ್ಬಿಗಳು ಬಂದು ಒಂದು ಕಾಳೂ ಬಿಡದೆ ತಿಂದವು. ನಾನು ನಿಂತು ನೋಡುತ್ತಲೇ ಇದ್ದೆ. ಅವುಗಳಿಗೆ ಏನೂ ಆಗಲಿಲ್ಲ.